ಹಿಂದಿನ ಗೇಟಿನ ದಾರಿಚೀಟಿ

ಆಸ್ಪತ್ರೆಯ ಮುಂಬಾಗಿಲು ದಾಟಿದರೆ ಎದುರಿಗೇ ಒಂದು ಗಾಜಿನ ಕಿಟಕಿ. ಮೇಲೆ ‘ವಿಚಾರಣೆ’ ಎಂದು ಬರೆದಿದೆ. ಆ ಕಿಟಕಿಯ ಹಿಂದೆ ಕೂತವಳನ್ನು ದೊಡ್ಡ ಡಾಕ್ಟರರಿಂದ ಹಿಡಿದು ನೆಲ ಒರೆಸುವವರ ತನಕ ಎಲ್ಲರೂ ವಿಚಾರಣೆ ಅಕ್ಕ ಎನ್ನುತ್ತಿದ್ದರು. ಅವಳಿಗಿಂತ ವಯಸ್ಸಿನಲ್ಲಿ ಎಷ್ಟೋ ದೊಡ್ಡವರೂ ಅಕ್ಕ ಎಂದೇ ಕರೆಯುತ್ತಿದ್ದರು. ಅವಳಿಗೂ ಅದರಿಂದ ಬೇಜಾರಿರಲಿಲ್ಲ. ಬೇಜಾರು ಪಟ್ಟುಕೊಳ್ಳಲು ಪುರುಸೊತ್ತಾದರೂ ಎಲ್ಲಿತ್ತು? ಬೆಳಿಗ್ಗೆ ಕಿಟಕಿ ತೆಗೆದರೆ ಸಾಕು, ಕಣ್ಣು ತೋರಿಸೋದೆಲ್ಲಿ, ಹಲ್ಲು ಕೀಳೋದೆಲ್ಲಿ, ನಮ್ಮ ಭಾವನನ್ನ ಎಲ್ಲಿ ಮಲಗಿಸಿದ್ದಾರೆ ಎಂದು ಜನ ಮುಗಿಬೀಳುತ್ತಿದ್ದರು.

ಆಸ್ಪತ್ರೆಯೂ ಅಂಥದ್ದೇ. ಒಬ್ಬರು ಕಟ್ಟಿಸಿದ ಕಟ್ಟಡಕ್ಕೆ ಇನ್ನೊಬ್ಬರು ಬಾಲ ಸೇರಿಸಿ, ಆ ಬಾಲಕ್ಕೆ ಮತ್ತೊಬ್ಬರು ಕೊಂಬು ಸೇರಿಸಿ, ಒಳಗೆ ಹೋದವರು ಹೊರಗೆ ಬಂದರೆ ಅವರ ಪುಣ್ಯ ಎನ್ನುವಂತಿತ್ತು. ದಾರಿ ತಪ್ಪಿದವರು ಒಳಗಿನಿಂದಲೇ ಅಕ್ಕನಿಗೆ ಫೋನ್ ಮಾಡುತ್ತಿದ್ದರು.

“ಅಮ್ಮಾ, ರಕ್ತ ಕೊಡೋದು ಎಲ್ಲಿ? ಆಗಿಂದ ಸುತ್ತಿದ್ದೇ ಸುತ್ತಿದ್ದು.”

“ಮೊದಲು ಇದು ಹೇಳಿ. ನೀವೀಗ ಎಲ್ಲಿ ನಿಂತಿದ್ದೀರಿ?”

“ಇಲ್ಲೇ ನಿಂತಿದೀನಿ.”

“ಇಲ್ಲೇ ಅಂದ್ರೆ? ಎದುರಿಗೆ ಏನು ಕಾಣಿಸ್ತಿದೆ?”

“ಗೋಡೆ.”

“ಯಾವ ಬಣ್ಣದ ಗೋಡೆ ಯಜಮಾನ್ರೇ? ಹಸಿರಾ, ನೀಲಿಯಾ?”

“ಮುಂಚೆ ಹಸಿರಿತ್ತು ಅನ್ಸುತ್ತೆ.”

ಹೀಗೆ. ನಿಂತ ಜಾಗ ಗೊತ್ತಾಗದೆ ಅಕ್ಕ ಯಾರಿಗೂ ಎಡ ಬಲ ಹೇಳಿದವಳಲ್ಲ. ಅದು ಅವಳ ಕೆಲಸದ ಮೊದಲ ಪಾಠ, ಅದನ್ನು ಅವಳಿಗೆ ಯಾರೂ ಕಲಿಸಿಕೊಟ್ಟಿರಲಿಲ್ಲ.

ಓದು ಬಾರದವರಿಗಾಗಿ, ಓದು ಬಂದರೂ ಗಾಬರಿಯಲ್ಲಿ ಬೋರ್ಡು ಕಾಣದವರಿಗಾಗಿ, ಅಕ್ಕ ದಾರಿಚೀಟಿ ಮಾಡಿದ್ದಳು. ಬಂದವರು ಏನು ಬೇಕೆಂದು ಹೇಳಿದರೆ, ಅವಳು ಕಂಪ್ಯೂಟರಿನಲ್ಲಿ ಅದರ ಮೇಲೆ ಒತ್ತುತ್ತಿದ್ದಳು. ಪಕ್ಕದ ಪುಟ್ಟ ಪ್ರಿಂಟರಿನಿಂದ ಬಸ್ ಟಿಕೆಟ್ಟಿನಂಥ ಚೀಟಿ ಬರುತ್ತಿತ್ತು. ಅದರಲ್ಲಿ ಅಕ್ಷರವೇ ಇಲ್ಲ. ಕಂಬ, ಮೆಟ್ಟಿಲು, ನೀರಿನ ನಲ್ಲಿ, ತಿರುವು ಎಲ್ಲ ಅವಳೇ ಬರೆದ ಗೆರೆಚಿತ್ರ. ಕೊನೆಗೆ ಒಂದು ಕಣ್ಣೋ, ಹಲ್ಲೋ, ರಕ್ತದ ಹನಿಯೋ. ಅಲ್ಲಿಗೆ ಬಂತು ಎಂದು ಅರ್ಥ.

ಈ ಚೀಟಿಯ ಪ್ರೋಗ್ರಾಮನ್ನು ಅಕ್ಕ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದಿದ್ದಳು ಎಂದರೆ ಯಾರೂ ನಂಬುತ್ತಿರಲಿಲ್ಲ. ಕಲಿಸಿದವಳು ನಾದಿನಿ, ಗಂಡನ ತಂಗಿ. ಅವಳು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಟೀಚರು, ಮನೆಯಲ್ಲೂ ಟೀಚರೇ. ಸಂಜೆ ತರಕಾರಿ ಹೆಚ್ಚುತ್ತಾ ಪಾಠ ನಡೆಯುತ್ತಿತ್ತು.

“ಅತ್ತಿಗೆ, ಚಿತ್ರ ಎಲ್ಲಿದೆ ಅಂತ ಪ್ರೋಗ್ರಾಮಿಗೆ ಹೇಳೋಕೆ ಎರಡು ರೀತಿ ಇದೆ. ಒಂದು, ಪೂರ್ತಿ ವಿಳಾಸ. ಯಾವ ಡಿಸ್ಕು, ಅದರಲ್ಲಿ ಯಾವ ಫೋಲ್ಡರು, ಅದರೊಳಗೆ ಯಾವುದು, ಎಲ್ಲ. ಇನ್ನೊಂದು, ‘ಇಲ್ಲಿಂದ’ ಅಂತ ಹೇಳೋದು. ಇಲ್ಲಿಂದ ‘ಚಿತ್ರ’ ಅನ್ನೋ ಕೋಣೆಗೆ ಹೋಗು, ಅಲ್ಲಿ ‘ಕಣ್ಣು’ ಅಂತಿದೆ, ತಗೊಂಡು ಬಾ. ಅಷ್ಟೇ. ಒಂದು ಮಹಡಿ ಮೇಲೆ ಹೋಗ್ಬೇಕಾದ್ರೆ ಎರಡು ಚುಕ್ಕಿ ಇಡಿ.”

“ಇದು ನನ್ನ ಕೆಲಸಾನೇ ಅಲ್ವೇನೇ!” ಎಂದು ಅಕ್ಕ ಹಿಗ್ಗಿದ್ದಳು. ಪೂರ್ತಿ ವಿಳಾಸದ ಗೊಡವೆಗೆ ಅವಳು ಹೋಗಲಿಲ್ಲ. ದಾರಿ ಕೇಳಿದವರಿಗೆ ಪೋಸ್ಟಿನ ವಿಳಾಸ ಹೇಳಿದರೆ ಏನು ಬಂತು? ಇಲ್ಲಿಂದ ಹೀಗೆ ಹೋಗಿ ಎಂದರೆ ತಾನೇ ಕಾಲು ಏಳುವುದು.

‘ಮುಂದೆ’ ಎಂಬ ಫೋಲ್ಡರಿನಲ್ಲಿ ಪ್ರೋಗ್ರಾಮು, ಅದರ ಪಕ್ಕದಲ್ಲೇ ‘ಚಿತ್ರ’ ಎಂಬ ಫೋಲ್ಡರು, ಅದರೊಳಗೆ ಚಿತ್ರಗಳು. ಇಷ್ಟೇ ಸಂಸಾರ. ಕಿಟಕಿಯಲ್ಲಿ ಇದು ಒಂದು ದಿನವೂ ತಕರಾರು ಮಾಡದೆ ನಡೆಯಿತು.

ತೊಂದರೆ ಶುರುವಾದದ್ದು ಹಿಂದಿನ ಗೇಟು ತೆರೆದಾಗ. ಆಸ್ಪತ್ರೆಯ ಹಿಂದೆ ಹೊಸ ರಸ್ತೆ ಬಂತು, ಬಸ್ಸುಗಳು ಆ ಕಡೆ ನಿಲ್ಲತೊಡಗಿದವು, ಜನ ಹಿಂದಿನಿಂದಲೇ ಒಳಗೆ ನುಗ್ಗಿದರು. ಅಲ್ಲಿ ಕಾವಲಿಗೆ ಇದ್ದವರು ಕರ್ನಲ್ ಮಾಮ. ಕರ್ನಲ್ ಎನ್ನುವುದು ಮೀಸೆಗೂ ಇಸ್ತ್ರಿ ಮಾಡಿದ ಅಂಗಿಗೂ ಸಿಕ್ಕ ಪದವಿ. ಅವರು ಸೈನ್ಯದ ಮುಖವನ್ನೂ ಕಂಡವರಲ್ಲ. ಇಡೀ ಜೀವಮಾನ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತರಾದವರು. ಈಗಲೂ ಗೇಟಿನಲ್ಲಿ ಜನ ಒತ್ತಿ ನಿಂತರೆ “ಒಳಗೆ ಹೋಗಿ, ಒಳಗೆ ಹೋಗಿ, ಮಧ್ಯೆ ಜಾಗ ಇದೆ” ಎನ್ನುತ್ತಿದ್ದರು.

ಮಾಮನ ಮೇಜಿನ ಮೇಲೂ ಒಂದು ಹಳೆಯ ಕಂಪ್ಯೂಟರು, ಒಂದು ಪ್ರಿಂಟರು ಇಡಿಸಿದ್ದಾಯಿತು. ಅಕ್ಕ ತನ್ನ ‘ಮುಂದೆ’ ಫೋಲ್ಡರನ್ನು ಇದ್ದದ್ದು ಇದ್ದ ಹಾಗೆ ಪೆನ್‌ಡ್ರೈವಿನಲ್ಲಿ ತಂದು ಅದರಲ್ಲಿ ಇಳಿಸಿದಳು. ಆಮೇಲೆ ಅದರದೇ ಒಂದು ಪ್ರತಿ ಮಾಡಿ ‘ಹಿಂದೆ’ ಎಂದು ಹೆಸರಿಟ್ಟಳು. ಮೂರು ಭಾನುವಾರ ಕೂತು, ಹಿಂದಿನ ಗೇಟಿನಿಂದ ಒಂದೊಂದು ಜಾಗಕ್ಕೂ ತಾನೇ ನಡೆದು ನೋಡಿ, ಹೊಸದಾಗಿ ಚಿತ್ರ ಬರೆದು ಹಳೆಯವುಗಳ ಜಾಗಕ್ಕೆ ಹಾಕಿದಳು. ಹೆಸರು ಮಾತ್ರ ಅವೇ: ಕಣ್ಣು, ಹಲ್ಲು, ಮೂಳೆ. ಕೆಲಸ ಮುಗಿದ ಮೇಲೆ ಹಳೆಯ ‘ಮುಂದೆ’ ಫೋಲ್ಡರನ್ನು ಅಳಿಸಬಹುದಿತ್ತು. ಆದರೆ ಅಕ್ಕ ಯಾವುದನ್ನೂ ಎಸೆಯುವ ಹೆಂಗಸಲ್ಲ. ಮನೆಯಲ್ಲಿ ಮುಚ್ಚಳವಿಲ್ಲದ ಡಬ್ಬಿ, ಡಬ್ಬಿಯಿಲ್ಲದ ಮುಚ್ಚಳ, ಒಡೆದ ಛತ್ರಿಯ ಹಿಡಿ, ಎಲ್ಲಕ್ಕೂ ಅವಳದು ಒಂದೇ ಮಂತ್ರ: ‘ಇರಲಿ ಬಿಡು.’ ಫೋಲ್ಡರಿಗೂ ಅದನ್ನೇ ಅಂದಳು.

ಮಾಮನಿಗೆ ಸುಲಭವಾಗಲೆಂದು ತನ್ನ ಕಂಪ್ಯೂಟರಿನ ಐಕಾನನ್ನೇ ತಂದು, ಅದು ಓಡಿಸಬೇಕಾದ ಪ್ರೋಗ್ರಾಮಿನ ಜಾಗವನ್ನು ‘ಹಿಂದೆ’ ಎಂದು ತಿದ್ದಿ, ಪರದೆಯ ನಟ್ಟನಡುವೆ ಇಟ್ಟಳು. “ಮಾಮ, ಬೆಳಿಗ್ಗೆ ಬಂದ ತಕ್ಷಣ ಇದರ ಮೇಲೆ ಎರಡು ಸಲ ಒತ್ತೋದು. ಅಷ್ಟೇ.”

“ಡಬಲ್ ಬೆಲ್ಲು ಅನ್ನು. ಗೊತ್ತಾಯ್ತು ಬಿಡಕ್ಕ, ಹೊರಡೋಕೆ ಡಬಲ್ ಬೆಲ್ಲು,” ಎಂದರು ಮಾಮ.

ಸೋಮವಾರ ಬೆಳಿಗ್ಗೆ ಮೊದಲ ಫೋನು ಬಂದದ್ದು ಅಡುಗೆಮನೆಯಿಂದ.

“ಅಕ್ಕ, ಏನಿದು ನಿಮ್ಮ ಕಾರುಬಾರು? ಜನ ಸಾಲಾಗಿ ಬಂದು ಕೈ ಮುರಿದಿದೆ, ಫೋಟೋ ತೆಗೀರಿ ಅಂತಿದ್ದಾರೆ. ನಾನೇನು ಸೌಟಲ್ಲಿ ಎಕ್ಸ್‌ರೇ ತೆಗೀಲಾ?” ಅಡುಗೆಯವಳ ಹಿಂದೆ ಪಾತ್ರೆಗಳ ಸದ್ದಿನ ಜೊತೆ ಯಾರೋ ನರಳುವುದೂ ಕೇಳಿಸಿತು.

ಅಕ್ಕ ಫೋನಿಡುವಷ್ಟರಲ್ಲಿ ಮತ್ತೊಂದು. ಕಣ್ಣಿಗೆ ತೋರಿಸಬೇಕಾದ ಅಜ್ಜಿಯೊಬ್ಬರು ಹೆರಿಗೆ ವಾರ್ಡಿನ ಬಾಗಿಲಲ್ಲಿ ಕೂತಿದ್ದಾರೆ, ಯಾಕಮ್ಮ ಬಂದ್ರಿ ಅಂದರೆ ಚೀಟಿ ತೋರಿಸುತ್ತಾರೆ ಎಂದು ನರ್ಸು ದೂರಿದಳು. ಅಷ್ಟರಲ್ಲಿ ಒಬ್ಬ ಗಂಡಸು ಬೆವರು ಸುರಿಸುತ್ತಾ ಕಿಟಕಿಯ ಮುಂದೆ ಬಂದು ನಿಂತ. ಹಿಂದೆ ಬಸುರಿ ಹೆಂಡತಿ, ಒಂದು ಕೈ ಗೋಡೆಗೆ ಊರಿದ್ದಾಳೆ.

“ಸ್ಕ್ಯಾನಿಂಗಿಗೆ ಅಂತ ಹೊಟ್ಟೆ ತುಂಬ ನೀರು ಕುಡಿಸ್ಕೊಂಡು ಕರ್ಕೊಂಡು ಬಂದೆ. ನಿಮ್ಮ ಚೀಟಿ ನೋಡ್ಕೊಂಡು ಹೋದ್ರೆ ಮುರಿದ ಮಂಚ ರಾಶಿ ಹಾಕಿರೋ ಮೂಲೆಗೆ ಹೋಗಿ ನಿಂತ್ವಿ. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ. ಇವಳಿಗೆ ತಡ್ಕೊಳ್ಳೋಕೆ ಆಗ್ಲಿಲ್ಲ. ಈಗ ಮತ್ತೆ ನೀರು ಕುಡಿದು ಕಾಯ್ಬೇಕಂತೆ. ಬಸುರಿ ಹೆಂಗಸನ್ನ ಹೀಗಾ ಅಲೆಸೋದು?”

ಅಕ್ಕ ಎದ್ದು ಹೊರಗೆ ಬಂದು, ಆ ಹೆಂಗಸಿನ ಕೈ ಹಿಡಿದು ತಾನೇ ಸ್ಕ್ಯಾನಿಂಗ್ ಕೋಣೆಯ ತನಕ ಬಿಟ್ಟುಬಂದಳು. ಕೈಗೆ ತೆಗೆದುಕೊಂಡಿದ್ದ ಅವರ ಚೀಟಿಯನ್ನು ದಾರಿಯಲ್ಲಿ ಬಿಡಿಸಿ ನೋಡಿದರೆ, ಅದು ಮುಂಬಾಗಿಲಿನಿಂದ ಹೋಗುವ ದಾರಿ! ಹಿಂದಿನ ಗೇಟಿನಲ್ಲಿ ಕೊಟ್ಟ ಚೀಟಿಯಲ್ಲಿ ಮುಂಬಾಗಿಲಿನ ದಾರಿ.

ಅಕ್ಕ ವಾಪಸ್ ಬಂದಾಗ ಕಿಟಕಿಯ ಮುಂದೆ ಆಡಳಿತಾಧಿಕಾರಿ ಮೇಡಂ ನಿಂತಿದ್ದರು. ಗಟ್ಟಿಯಾಗಿ ಮಾತಾಡುವವರಲ್ಲ. ಅವರು ಮೆಲ್ಲಗೆ ಮಾತಾಡಿದರೇ ಎಲ್ಲರೂ ಹೆದರುತ್ತಿದ್ದರು.

“ಮುಂಚೆ ಜನ ದಾರಿ ತಪ್ಪಿದ್ರೆ ಯಾರನ್ನಾದ್ರೂ ಕೇಳ್ತಿದ್ರು,” ಎಂದರು ಮೇಡಂ. “ಈಗ ನಿಮ್ಮ ಚೀಟಿ ನಂಬ್ಕೊಂಡು ಧೈರ್ಯವಾಗಿ ದಾರಿ ತಪ್ತಿದ್ದಾರೆ.”

“ಮೇಡಂ, ಚಿತ್ರ ಎಲ್ಲ ಸರಿಯಾಗೇ ಹಾಕಿದ್ದೆ. ಏನಾಗಿದೆ ಅಂತ ನೋಡ್ತೀನಿ.”

“ನೋಡಿ. ನಾಳೆ ಬೆಳಿಗ್ಗೆ ನಾನೇ ಹಿಂದಿನ ಗೇಟಿಂದ ಬಂದು ಒಂದು ಚೀಟಿ ತಗೋತೀನಿ. ಅದು ಸರಿಯಾದ ಜಾಗಕ್ಕೆ ಕರ್ಕೊಂಡು ಹೋಗ್ಲಿಲ್ಲ ಅಂದ್ರೆ ಎರಡೂ ಕಡೆ ಈ ಯಂತ್ರ ತೆಗೆಸಿ ಗೋಡೆಗೆ ಬಾಣದ ಗುರುತು ಬರೆಸ್ತೀನಿ. ಬಾಣ ಇದ್ಮೇಲೆ ಈ ಕಿಟಕಿಗೆ ಜನ ಬೇಕಿಲ್ಲ. ಬಟ್ಟೆ ಉಗ್ರಾಣದಲ್ಲಿ ಒಬ್ಬರು ಬೇಕು ಅಂತ ಬಹಳ ದಿನದಿಂದ ಕೇಳ್ತಿದ್ದಾರೆ.”

ಬಟ್ಟೆ ಉಗ್ರಾಣ! ನೆಲಮಾಳಿಗೆಯ ಕೋಣೆ ಅದು. ಹಾಸಿಗೆ ಬಟ್ಟೆ, ದಿಂಬಿನ ಚೀಲ, ಹೊದಿಕೆ ಮಡಿಸಿ ಮಡಿಸಿ ಇಡುವುದು. ಅಲ್ಲಿರುವುದು ಬೆಡ್‌ಶೀಟ್ ಅಣ್ಣ ಒಬ್ಬನೇ. ಯಾರಾದರೂ ಸಿಕ್ಕರೆ ಸಾಕು ಎಂದು ಕಾದು ಕೂತು, ಸಿಕ್ಕವರಿಗೆ ಬಟ್ಟೆಯ ಕಲೆಗಳ ಪುರಾಣ ಹೇಳುವವನು. ಸಂಬಳವೇನೋ ಅಲ್ಲೂ ಬರುತ್ತದೆ. ಆದರೆ ದಿನವಿಡೀ ಊರಿನವರ ಧ್ವನಿ ಕೇಳಿಸಿಕೊಂಡು ಬೆಳೆದ ಕಿವಿಯನ್ನು ದಿಂಬುಗಳ ನಡುವೆ ಇಟ್ಟುಕೊಂಡು ಏನು ಮಾಡುವುದು? ಅವಳಿಗೆ ಈ ಕಿಟಕಿ ಬೇಕಿತ್ತು.

ಮಧ್ಯಾಹ್ನ ಜನ ತೆಳುವಾದ ಮೇಲೆ ಅಕ್ಕ ಹಿಂದಿನ ಗೇಟಿಗೆ ಹೋದಳು. ಮಾಮ ಸ್ಟೂಲಿನ ಮೇಲೆ ನೆಟ್ಟಗೆ ಕೂತಿದ್ದರು, ಮುಖ ಮಾತ್ರ ಬಾಡಿತ್ತು. ಬೆಳಿಗ್ಗೆಯಿಂದ ವಾಪಸ್ ಬಂದವರೆಲ್ಲ ಬೈದದ್ದು ಅವರನ್ನೇ.

ಅಕ್ಕ ಪರದೆಯಲ್ಲಿ ತೆರೆದಿದ್ದದ್ದನ್ನೆಲ್ಲ ಮುಚ್ಚಿದಳು. ತನ್ನ ಅಭ್ಯಾಸದಂತೆ ‘ಹಿಂದೆ’ ಫೋಲ್ಡರಿನ ಒಳಗೆ ಹೋದಳು, ಪೈಥಾನಿನ ಬರೆಯುವ ಕಿಟಕಿಯಲ್ಲಿ ಪ್ರೋಗ್ರಾಮನ್ನು ತೆರೆದಳು, ಅಲ್ಲಿಂದಲೇ ಓಡಿಸಿದಳು. ಮೂಳೆಯ ಮೇಲೆ ಒತ್ತಿದಳು. ಚೀಟಿ ಬಂತು. ಸರಿಯಾಗಿತ್ತು! ಹಿಂದಿನ ಗೇಟು, ನೀರಿನ ನಲ್ಲಿ, ಎಡಕ್ಕೆ ಮೆಟ್ಟಿಲು. ಕಣ್ಣು ಒತ್ತಿದಳು. ಅದೂ ಸರಿ. ಹಲ್ಲು, ರಕ್ತ, ಸ್ಕ್ಯಾನಿಂಗ್, ಎಲ್ಲವೂ ಸರಿ.

“ಮಾಮ, ನೀವು ಏನೋ ಒತ್ತಿದೀರ.”

“ಇಲ್ಲಕ್ಕ. ನೀನು ಹೇಳಿದ್ದನ್ನೇ ಒತ್ತಿದ್ದು. ಡಬಲ್ ಬೆಲ್ಲು.”

“ಮತ್ತೆ ನಾನು ಒತ್ತಿದ್ರೆ ಸರಿಯಾಗಿ ಬರ್ತಿದೆಯಲ್ಲ, ನೋಡಿ.”

“ಅದೇ ನನಗೂ ಗೊತ್ತಾಗ್ತಿಲ್ಲ.”

“ಕೈ ತಪ್ಪಿ ಎಲ್ಲೋ ಬೆರಳು ತಾಗಿರ್ಬೇಕು ಮಾಮ. ನೆನಪು ಮಾಡ್ಕೊಳ್ಳಿ.”

ಸುತ್ತ ನಿಂತಿದ್ದ ವಾರ್ಡಿನ ಹುಡುಗಿಯರು ಕಿಸಕ್ಕೆಂದರು. ಮಾಮ ಮೀಸೆ ಸವರಿಕೊಂಡರು, ಎದ್ದು ನಿಂತರು.

“ಜೀವಮಾನ ಪೂರ್ತಿ ಟಿಕೆಟ್ ಹರಿದು ಕೊಟ್ಟಿದೀನಿ. ಒಬ್ಬರನ್ನೂ ಬೇರೆ ಸ್ಟಾಪಲ್ಲಿ ಇಳಿಸಿಲ್ಲ,” ಎಂದರು. “ಇನ್ಮೇಲೆ ಇದನ್ನ ನೀವೇ ಒತ್ತಿಕೊಳ್ಳಿ ಮೇಡಂ.”

ಅಕ್ಕ ಹೋಗಿ ಮೇಡಂ ಆಗಿದ್ದಳು. ನೀನು ಹೋಗಿ ನೀವು. ಹುಡುಗಿಯರಿಗೆ ಅದು ಮರ್ಯಾದೆಯಂತೆ ಕೇಳಿಸಿತೇನೋ, ಅಕ್ಕನಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಚೀಟಿ ಒತ್ತುವುದನ್ನು ಆ ಹುಡುಗಿಯರಿಗೆ ಒಪ್ಪಿಸಿ ಕಿಟಕಿಗೆ ಮರಳಿದಳು. ಅವಳು ಓಡಿಸಿಟ್ಟ ಪ್ರೋಗ್ರಾಮು ಸಂಜೆಯ ತನಕ ಸರಿಯಾದ ಚೀಟಿಗಳನ್ನೇ ಕೊಟ್ಟಿತು. ಅಡುಗೆಮನೆಯಿಂದ ಫೋನು ಬರಲಿಲ್ಲ. ತಪ್ಪು ಮಾಮನದೇ ಎಂದು ಇಡೀ ಆಸ್ಪತ್ರೆ ತೀರ್ಮಾನ ಮಾಡಿತು. ಸಂಜೆ ನಿಯಮದ ಪ್ರಕಾರ ಮಾಮ ಕಂಪ್ಯೂಟರ್ ಆರಿಸಿ, ಬೀಗ ಹಾಕಿ, ಯಾರಿಗೂ ಹೇಳದೆ ಹೊರಟುಹೋದರು.

ಮನೆಯಲ್ಲಿ ನಾದಿನಿ ಬೀನ್ಸ್ ನಾರು ತೆಗೆಯುತ್ತಾ ಕೂತಿದ್ದಳು. ಅತ್ತಿಗೆಯ ಮುಖ ನೋಡಿ, “ಏನು, ಯಾರ ಜೊತೆ ಜಗಳ?” ಎಂದಳು.

ಅಕ್ಕ ಮೊದಲಿಂದ ಕೊನೆತನಕ ಒದರಿದಳು. ಅಡುಗೆಯವಳ ಸೌಟಿಗೆ ನಾದಿನಿ ನಕ್ಕಳು. ಬಸುರಿಯ ಕತೆಗೆ ನಗು ನಿಂತಿತು. ಮಾಮನ ಮಾತಿಗೆ ಬಂದಾಗ ಕೈಯಲ್ಲಿದ್ದ ಬೀನ್ಸ್ ಕೆಳಗಿಟ್ಟಳು.

“ಅವರು ಹೇಗೆ ಶುರು ಮಾಡ್ತಾರೆ?”

“ಐಕಾನಿಂದ.”

“ನೀವು?”

“ನಾನು ಫೋಲ್ಡರಿನ ಒಳಗೆ ಹೋಗಿ, ಬರೆಯೋ ಕಿಟಕಿ ತೆರೆದು, ಅಲ್ಲಿಂದ. ಎರಡೂ ಒಂದೇ ಅಲ್ವಾ? ಅದೇ ಪ್ರೋಗ್ರಾಮು. ಬಾಗಿಲು ಬೇರೆ ಅಷ್ಟೇ.”

“ಬಾಗಿಲು ಬೇರೆ ಆದ್ರೆ ದಾರಿ ಒಂದೇ ಆಗುತ್ತಾ ಅತ್ತಿಗೆ? ದಿನಾ ಬೆಳಗಾದ್ರೆ ನೀವೇ ತಾನೇ ಊರಿಗೆಲ್ಲ ಹೇಳೋದು?”

ನಾದಿನಿ ಬೀನ್ಸ್ ತಟ್ಟೆ ಪಕ್ಕಕ್ಕೆ ಸರಿಸಿದಳು.

“ಚಿತ್ರ ಎಲ್ಲಿದೆ ಅಂತ ಪ್ರೋಗ್ರಾಮಿಗೆ ಏನು ಹೇಳಿದ್ದೀರಿ?”

“ನೀನೇ ಹೇಳಿಕೊಟ್ಟೆಯಲ್ಲ. ಇಲ್ಲಿಂದ ‘ಚಿತ್ರ’ಕ್ಕೆ ಹೋಗು ಅಂತ.”

“ಇಲ್ಲಿಂದ ಅಂದ್ರೆ ಎಲ್ಲಿಂದ?”

“ಪ್ರೋಗ್ರಾಮ್ ಇರೋ ಜಾಗದಿಂದ.”

“ಅಲ್ಲ,” ಎಂದಳು ನಾದಿನಿ. “ಅಲ್ಲೇ ಎಲ್ಲರೂ ಎಡವೋದು. ಪ್ರೋಗ್ರಾಮ್ ಎಲ್ಲಿ ಇದೆ ಅನ್ನೋದು ಬೇರೆ, ಓಡೋವಾಗ ಅದು ಎಲ್ಲಿ ನಿಂತಿದೆ ಅನ್ನೋದು ಬೇರೆ. ನೀವು ಬರೆಯೋ ಕಿಟಕಿಯಿಂದ ಓಡಿಸಿದ್ರೆ ಅದು ತನ್ನ ಮನೆಯಲ್ಲೇ ನಿಂತು ಓಡುತ್ತೆ. ಐಕಾನಿಂದ ಓಡಿಸಿದ್ರೆ, ಐಕಾನು ಎಲ್ಲಿ ನಿಲ್ಲು ಅಂತ ಹೇಳುತ್ತೋ ಅಲ್ಲಿ ನಿಂತು ಓಡುತ್ತೆ. ಐಕಾನಿನ ಒಳಗೆ ಎರಡು ಖಾನೆ ಇರುತ್ತೆ. ಒಂದರಲ್ಲಿ ಯಾವ ಪ್ರೋಗ್ರಾಮು ಅಂತ, ಇನ್ನೊಂದರಲ್ಲಿ ಎಲ್ಲಿ ನಿಂತು ಅಂತ. ನೀವು ಎರಡನ್ನೂ ತಿದ್ದಿದ್ರಾ?”

ಅಕ್ಕ ನಾಲಿಗೆ ಕಚ್ಚಿಕೊಂಡಳು. ಮೊದಲನೆಯ ಖಾನೆ ನೆನಪಿತ್ತು. ಎರಡನೆಯದು ಇತ್ತೆಂಬುದೇ ನೆನಪಿರಲಿಲ್ಲ.

“ಹಾಗಾದ್ರೆ ಅದು ‘ಮುಂದೆ’ ಫೋಲ್ಡರಲ್ಲಿ ನಿಂತ್ಕೊಂಡು…”

“ಅಲ್ಲಿಂದ ‘ಚಿತ್ರ’ಕ್ಕೆ ಹೋಗಿ, ಅಲ್ಲಿರೋ ‘ಕಣ್ಣು’ ತಂದುಕೊಟ್ಟಿದೆ. ಪಾಪ, ಅದರ ತಪ್ಪೇನಿದೆ? ಹೇಳಿದ್ದನ್ನ ಹೇಳಿದ ಹಾಗೆ ಮಾಡಿದೆ. ಅದಿರ್ಲಿ, ಹಿಂದಿನ ಗೇಟಿನ ಕಂಪ್ಯೂಟರಲ್ಲಿ ‘ಮುಂದೆ’ ಫೋಲ್ಡರಿಗೆ ಏನು ಕೆಲಸ? ಅಳಿಸಿರ್ಲಿಲ್ವಾ?”

“ಇರಲಿ ಬಿಡು ಅಂತ…”

ನಾದಿನಿ ಎರಡೂ ಕೈಯಿಂದ ಹಣೆ ಚಚ್ಚಿಕೊಂಡಳು. “ನಿಮ್ಮ ಇರಲಿ ಬಿಡು! ಆ ಫೋಲ್ಡರ್ ಅಲ್ಲಿ ಇಲ್ದೇ ಇದ್ದಿದ್ರೆ ಮೊದಲನೇ ಚೀಟಿಗೇ ‘ಅಂಥ ಫೈಲು ಇಲ್ಲ’ ಅಂತ ಬೊಬ್ಬೆ ಹೊಡೆದು ನಿಂತುಬಿಡ್ತಿತ್ತು. ಯಾರೂ ಅಡುಗೆಮನೆಗೆ ಹೋಗ್ತಿರ್ಲಿಲ್ಲ. ಈಗ ಕೇಳಿದ ಹೆಸರಿನ ಚಿತ್ರ ಅಲ್ಲೂ ಸಿಕ್ತು, ತೆಪ್ಪಗೆ ತಂದುಕೊಡ್ತು. ಹೋಗ್ಲಿ, ಡಬ್ಬಿ ಮುಚ್ಚಳಕ್ಕೆ ಜಾಗ ಮಾಡ್ಕೊಂಡಿದ್ದಾಯ್ತು, ಇದಕ್ಕೂ ಮಾಡ್ಕೊಳ್ಳೋಣ.”

“ಬೈಯೋದು ಆಮೇಲೆ ಬೈ ಟೀಚರಮ್ಮ. ಈಗ ಏನು ಮಾಡ್ಲಿ ಹೇಳು. ನಾಳೆ ಮೇಡಂ ಬರ್ತಾರೆ.”

“ಐಕಾನಿನ ಎರಡನೇ ಖಾನೆ ತಿದ್ದಿದ್ರೆ ನಾಳೆಗೆ ಸಾಕು. ನಾಳಿದ್ದು ಇನ್ಯಾರೋ ಇನ್ನೊಂದು ಐಕಾನು ಮಾಡಿದ್ರೆ ಮತ್ತೆ ಇದೇ ಹಾಡು. ಅದರ ಬದಲು ಪ್ರೋಗ್ರಾಮಿಗೇ ಹೇಳಿಬಿಡಿ: ನೀನು ಎಲ್ಲಾದ್ರೂ ನಿಂತಿರು, ನಿನ್ನ ಮನೆ ಯಾವುದು ಅಂತ ನೋಡ್ಕೊಂಡು ಅದರ ಪಕ್ಕದಿಂದ ಚಿತ್ರ ತಗೋ. ತಾನು ಯಾವ ಫೈಲು ಅಂತ ಪ್ರತಿ ಪ್ರೋಗ್ರಾಮಿಗೂ ಗೊತ್ತಿರುತ್ತೆ. ಅದನ್ನ ಕೇಳೋಕೆ ಪೈಥಾನಲ್ಲಿ ಒಂದು ಪದ ಇದೆ. ಬರೆದುಕೊಡ್ತೀನಿ.”

ಒಂದೇ ಸಾಲು. ಮುಂದೆ ಎರಡು ಅಡಿಗೆರೆ, ಹಿಂದೆ ಎರಡು ಅಡಿಗೆರೆ ಇರುವ ಒಂದು ವಿಚಿತ್ರ ಪದ. ಅಕ್ಕ ಅದನ್ನು ಗುರುತು ಹಾಕಿಕೊಂಡಳು. ಆದರೆ ಅನ್ನ ಬಡಿಸಿಕೊಂಡು ಕೂತಾಗಲೂ ಅವಳ ತಲೆಯಲ್ಲಿ ಇದ್ದದ್ದು ಆ ಪದವಲ್ಲ. ಫೋನು ಮಾಡಿದ ಊರವರನ್ನೆಲ್ಲ ‘ಎಲ್ಲಿ ನಿಂತಿದ್ದೀರಿ’ ಎಂದು ಕೇಳುವವಳು, ಮಾಮನನ್ನು ಮಾತ್ರ ಒಂದು ಮಾತು ಕೇಳಲಿಲ್ಲ. ಅವರು ಒತ್ತುವುದನ್ನು ಪಕ್ಕದಲ್ಲಿ ನಿಂತು ನೋಡಲಿಲ್ಲ. ತೆರೆದಿದ್ದನ್ನೆಲ್ಲ ಮುಚ್ಚಿ, ತನ್ನ ದಾರಿಯಲ್ಲಿ ಹೋಗಿ, ನಿಮ್ಮದು ತಪ್ಪು ಎಂದುಬಿಟ್ಟಿದ್ದಳು.

ಮಾರನೆಯ ದಿನ ಬೇಗ ಹೊರಟು ನೇರವಾಗಿ ಹಿಂದಿನ ಗೇಟಿಗೆ ಹೋದಳು. ಮಾಮ ಆಗಲೇ ಬಂದು ಬೀಗ ತೆಗೆಯುತ್ತಿದ್ದರು.

“ನಮಸ್ಕಾರ ಮೇಡಂ. ಕಂಪ್ಯೂಟರ್ ಅಲ್ಲಿದೆ. ನಾನು ಮುಟ್ಟಿಲ್ಲ.”

“ಮುಟ್ಟಿ ಮಾಮ. ನೀವು ನಿನ್ನೆ ಹೇಗೆ ಶುರು ಮಾಡಿದ್ರೋ ಹಾಗೇ ಮಾಡಿ. ನಾನು ಸುಮ್ಮನೆ ನಿಂತು ನೋಡ್ತೀನಿ.”

“ಯಾಕೆ, ಪರೀಕ್ಷೆನಾ?”

“ನನಗೆ ಪರೀಕ್ಷೆ. ನಿಮಗಲ್ಲ.”

ಮಾಮ ಅನುಮಾನದಿಂದಲೇ ಕೂತರು. ಕಂಪ್ಯೂಟರ್ ಹಾಕಿದರು. ಅಂಗಿಯ ತೋಳು ಸರಿ ಮಾಡಿಕೊಂಡು, ಐಕಾನಿನ ಮೇಲೆ ಎರಡು ಸಲ, ಸ್ಪಷ್ಟವಾಗಿ, ಬಸ್ಸಿನ ಹಗ್ಗ ಎಳೆದ ಹಾಗೆ ಒತ್ತಿದರು. ಮೂಳೆ ಒತ್ತಿದರು. ಚೀಟಿ ಬಂತು: ಮುಂಬಾಗಿಲಿನ ದಾರಿ, ನೇರ ಅಡುಗೆಮನೆಗೆ.

“ನೋಡಿ!” ಎಂದರು ಮಾಮ. ಗೆದ್ದ ದನಿಯಲ್ಲ, ದುಃಖದ ದನಿ. “ನನ್ನ ಕೈಯೇ ಸರಿಯಿಲ್ಲ ಅಂತಾಯ್ತು.”

“ತಾಳಿ. ಈಗ ಇದನ್ನ ಒಂದು ಮಾತು ಕೇಳೋಣ.”

ಅಕ್ಕ ಪ್ರೋಗ್ರಾಮಿನ ಮೊದಲಿಗೆ ಒಂದು ಸಾಲು ಸೇರಿಸಿದಳು: ಶುರುವಾದ ತಕ್ಷಣ ನೀನು ಎಲ್ಲಿ ನಿಂತಿದ್ದೀಯೆಂದು ಹೇಳು. ಮತ್ತೆ ಮಾಮನ ಕೈಯಲ್ಲೇ ಐಕಾನ್ ಒತ್ತಿಸಿದಳು. ಕಪ್ಪು ಕಿಟಕಿಯೊಂದರಲ್ಲಿ ಉತ್ತರ ಬಂತು. ಡಿಸ್ಕಿನ ಹೆಸರು, ಅದರ ಪಕ್ಕದಲ್ಲಿ ‘ಮುಂದೆ’.

“ನೋಡಿದ್ರಾ ಮಾಮ? ಇದು ಹಿಂದಿನ ಗೇಟಲ್ಲಿ ಕೂತ್ಕೊಂಡು, ನಾನು ಮುಂಬಾಗಿಲಲ್ಲಿ ನಿಂತಿದೀನಿ ಅಂತಿದೆ. ಅಲ್ಲಿಂದ ದಾರಿ ಹೇಳ್ತಿದೆ. ಅಲ್ಲಿ ನಿಲ್ಲು ಅಂತ ಐಕಾನಲ್ಲಿ ಬರೆದಿದ್ದು ನಾನು. ತಿದ್ದೋಕೆ ಮರೆತಿದ್ದೂ ನಾನು. ನೀವು ನಾನು ಹೇಳಿದ್ದನ್ನೇ ಮಾಡಿದ್ರಿ.”

ಮಾಮ ಪರದೆಯ ಹತ್ತಿರ ಬಗ್ಗಿ ಆ ಹೆಸರನ್ನು ಓದಿಕೊಂಡರು.

“ಅಂದ್ರೆ ಬಸ್ಸಿಗೆ ಬೇರೆ ಊರಿನ ಬೋರ್ಡು ಹಾಕಿ ಕಳಿಸಿದೆ, ಬೈಗುಳ ಕಂಡಕ್ಟರಿಗೆ.”

“ಹೂಂ ಮಾಮ. ತಪ್ಪಾಯ್ತು. ಆ ಹುಡುಗಿಯರ ಎದುರಿಗೆ ಹಾಗೆ ಅನ್ನಬಾರದಿತ್ತು. ಅವರ ಎದುರಿಗೇ ಇವತ್ತು ಹೇಳ್ತೀನಿ.”

“ಅದೆಲ್ಲ ಏನೂ ಬೇಡ,” ಎಂದ ಮಾಮ, ತಡೆದು, “ಹೇಳೋದಾದ್ರೆ ಆ ಉದ್ದ ಜಡೆಯವಳು ಇದ್ದಾಗ ಹೇಳು. ಅವಳೇ ಜಾಸ್ತಿ ನಕ್ಕಿದ್ದು,” ಎಂದರು.

‘ನೀನು’ ಮರಳಿ ಬಂದಿತ್ತು. ಅಕ್ಕನಿಗೆ ಅರ್ಧ ಜೀವ ಬಂತು. ಇನ್ನರ್ಧ ಮೇಡಂ ಕೈಯಲ್ಲಿತ್ತು.

ಅಡಿಗೆರೆಯ ಪದವನ್ನು ಸೇರಿಸಿದಳು. ಐಕಾನನ್ನು ಬೇಕೆಂದೇ ತಿದ್ದದೆ ಹಾಗೇ ಬಿಟ್ಟಳು. ಅದು ‘ಮುಂದೆ’ ಫೋಲ್ಡರಿನಲ್ಲೇ ನಿಂತು ಓಡಲಿ, ಆದರೂ ತನ್ನ ಪಕ್ಕದ ಚಿತ್ರವನ್ನೇ ತರುತ್ತದೋ ನೋಡೋಣ ಎಂದು. ಮಾಮ ಡಬಲ್ ಬೆಲ್ಲು ಕೊಟ್ಟರು. ಮೂಳೆ. ಹಿಂದಿನ ಗೇಟು, ನೀರಿನ ನಲ್ಲಿ, ಎಡಕ್ಕೆ ಮೆಟ್ಟಿಲು. ಮಾಮ ಆ ಚೀಟಿ ಹಿಡಿದು ತಾವೇ ಎಕ್ಸ್‌ರೇ ಕೋಣೆಯ ಬಾಗಿಲ ತನಕ ಹೋಗಿ ಬಂದು, “ರೈಟ್” ಎಂದರು.

ಜನ ಬರತೊಡಗಿದರು. ಅಕ್ಕ ಮುಂಬಾಗಿಲಿಗೆ ಓಡಿ ಕಿಟಕಿ ತೆಗೆದಳು. ಅಲ್ಲಿಂದ ಹಿಂದಿನ ಗೇಟು ಕಾಣುವುದಿಲ್ಲ. ಮೇಡಂ ಬಂದರೋ ಇಲ್ಲವೋ, ಯಾವ ಚೀಟಿ ಕೇಳಿದರೋ, ಒಂದೂ ಗೊತ್ತಿಲ್ಲ. ಬಾಯಿ ಜನರಿಗೆ ಉತ್ತರ ಕೊಡುತ್ತಿತ್ತು, ಕಿವಿ ಮಾತ್ರ ಫೋನಿನ ಮೇಲಿತ್ತು. ಅದು ಬಡಿದುಕೊಂಡಿತು.

“ಅಕ್ಕ, ಬಂದು ಹೋದ್ರು,” ಎಂದರು ಮಾಮ, ಪಿಸುದನಿಯಲ್ಲಿ. “ಎಕ್ಸ್‌ರೇ ಕೇಳ್ತಾರೆ ಅಂದ್ಕೊಂಡೆ. ಬಟ್ಟೆ ಉಗ್ರಾಣ ಕೇಳಿದ್ರು.”

ರೋಗಿಗಳು ಯಾರೂ ಹೋಗದ ಜಾಗ ಅದು. ಹಾಗಾಗಿ ಅದಕ್ಕೆ ಚೀಟಿಯಿರುವುದಿಲ್ಲ ಎಂದು ಮೇಡಂ ಎಣಿಸಿರಬೇಕು. ಆದರೆ ಚಳಿಯಾಗುತ್ತದೆ, ಇನ್ನೊಂದು ಹೊದಿಕೆ ಬೇಕೆಂದು ರಾತ್ರಿ ರೋಗಿಗಳ ಜೊತೆ ಉಳಿಯುವ ನೆಂಟರು ಆಗಾಗ ಕೇಳುತ್ತಿದ್ದರು; ಅಕ್ಕ ಅದಕ್ಕೂ ಒಂದು ಚಿತ್ರ ಬರೆದಿದ್ದಳು. ಒಂದು ಮಡಿಸಿದ ಹೊದಿಕೆ.

“ಬಂತಾ ಚೀಟಿ?”

“ಬಂತು. ತಗೊಂಡು ಹೋದ್ರು.”

“ಯಾವ ಕಡೆಗೆ ಹೋದ್ರು ಮಾಮ?”

“ಚೀಟಿ ನೋಡ್ಕೊಂಡು ಮೆಟ್ಟಿಲ ಕಡೆಗೆ. ಇಳಿದ್ರು. ಆಮೇಲೆ ನನಗೂ ಕಾಣಿಸ್ಲಿಲ್ಲ.”

ಆಮೇಲೆ ಬಹಳ ಹೊತ್ತು ಮೇಡಂ ಎಲ್ಲೂ ಕಾಣಲಿಲ್ಲ. ಹೋದ ಜಾಗ ಸರಿಯಿದ್ದರೆ ಇಷ್ಟು ಹೊತ್ತಿಗೆ ಬರಬೇಕಿತ್ತು ಎಂದು ಅಕ್ಕ ಲೆಕ್ಕ ಹಾಕಿದಳು. ತಿರುವಿನಲ್ಲಿ ಎಡ ಹಾಕಿದ್ದೆನೋ ಬಲ ಹಾಕಿದ್ದೆನೋ ಎಂದು ಕಣ್ಣು ಮುಚ್ಚಿ ಆ ಚಿತ್ರವನ್ನು ನೆನೆಸಿಕೊಂಡಳು. ಕಿಟಕಿಯ ಮುಂದೆ ನಿಂತಿದ್ದ ಯಜಮಾನರೊಬ್ಬರು, “ನಿದ್ದೆ ಬಂತಾ ತಾಯಿ?” ಎಂದರು.

ಕೊನೆಗೂ ಮೇಡಂ ಬಂದರು. ಮುಖ ಕೆಂಪಗಾಗಿತ್ತು, ಕೈಯಲ್ಲಿ ಚೀಟಿ ಇತ್ತು, ತೋಳಿನ ಮೇಲೊಂದು ಮಡಿಸಿದ ಹಾಸಿಗೆ ಬಟ್ಟೆ ಇತ್ತು.

“ಅರಿಶಿನದ ಕಲೆ ಬೇರೆ, ಔಷಧಿಯ ಕಲೆ ಬೇರೆ ಅಂತ ನಿಮಗೆ ಗೊತ್ತಾ?” ಎಂದು ಕೇಳಿದರು.

ಅಕ್ಕ ತಡಬಡಿಸಿದಳು. “ಬೆಡ್‌ಶೀಟ್ ಅಣ್ಣ ಹೇಳಿದ್ರಾ ಮೇಡಂ?”

“ಬಾಗಿಲು ತಟ್ಟಿದ್ದೇ ತಪ್ಪಾಯ್ತು. ಕೂರಿಸಿಬಿಟ್ರು. ಒಂದೊಂದು ಕಲೆಗೂ ಒಂದೊಂದು ಬಟ್ಟೆ ಬಿಡಿಸಿ ತೋರಿಸಿದ್ರು. ಇದನ್ನ ಕೈಗೆ ಕೊಟ್ಟು, ನೀವೇ ಒಗೆದು ನೋಡಿ ಅಂತ ಕಳಿಸಿದ್ದಾರೆ.” ಮೇಡಂ ಆ ಬಟ್ಟೆಯನ್ನು ಇನ್ನೊಂದು ತೋಳಿಗೆ ಹಾಕಿಕೊಂಡರು. “ಈ ಆಸ್ಪತ್ರೆಗೆ ಬಂದಾಗಿಂದ ನಾನು ಆ ಕೋಣೆ ನೋಡಿರ್ಲಿಲ್ಲ. ಎಲ್ಲೂ ನಿಂತು ಕೇಳದೆ ನೇರ ಹೋದೆ. ದಾರಿ ಸರಿ ಇದೆ.”

“ಹಾಗಾದ್ರೆ ಯಂತ್ರ…”

“ಇರಲಿ. ಬಾಣ ಬರೆಸಲ್ಲ.” ಎರಡು ಹೆಜ್ಜೆ ಹೋದವರು ತಿರುಗಿದರು. “ನಿನ್ನೆ ಯಾಕೆ ತಪ್ಪಾಯ್ತು?”

“ನಾನು ಕೇಳಬೇಕಾಗಿದ್ದನ್ನ ಕೇಳಿರ್ಲಿಲ್ಲ ಮೇಡಂ. ಕರ್ನಲ್ ಮಾಮನದೇನೂ ತಪ್ಪಿಲ್ಲ.”

“ಅದನ್ನ ಅವರೇ ಹೇಳಿದ್ರು. ಹೇಳಿದ್ರು ಏನು, ಗೇಟಲ್ಲಿ ಇದ್ದವರಿಗೆಲ್ಲ ಸಾರಿದ್ರು,” ಎಂದು ಮೇಡಂ ಹೊರಟರು.

ಸಾಲಿನಲ್ಲಿ ಜನ ಬೆಳೆದಿದ್ದರು. ಫೋನು ಬೇರೆ ಹೊಡೆದುಕೊಳ್ಳುತ್ತಿತ್ತು. ಅಕ್ಕ ಎತ್ತಿದಳು.

“ಅಮ್ಮಾ, ಹಲ್ಲಿನ ಡಾಕ್ಟ್ರು ಎಲ್ಲಿ ಕೂರ್ತಾರೆ?”

“ನೀವೀಗ ಎಲ್ಲಿ ನಿಂತಿದ್ದೀರಿ?” ಎಂದಳು ಅಕ್ಕ, ಮತ್ತು ಅವರು ಹೇಳುವ ತನಕ ಕಾದಳು.

ಆ ಸಂಜೆ ಮನೆಯಲ್ಲಿ ನಾದಿನಿ ಬಾಗಿಲಲ್ಲೇ ಹಿಡಿದಳು. “ಕಿಟಕಿ ಉಳೀತಾ?”

“ಉಳೀತು.”

“ಆ ಹಳೇ ಫೋಲ್ಡರು ಅಳಿಸಿದ್ರಾ?”

ಅಕ್ಕ ಚಪ್ಪಲಿ ಬಿಟ್ಟು ಮೂಲೆಗೆ ಸರಿಸಿದಳು.

“ಇಲ್ಲ ಕಣೆ,” ಎಂದಳು. “ಈಗ ಅದರಿಂದ ಏನೂ ತೊಂದರೆ ಇಲ್ವಲ್ಲ. ಇರಲಿ ಬಿಡು.”